ಬೀಗ ಹಾಕಿದ ಮನೆಗಳ ಸಹಿ

ಆಗಸ್ಟ್ ಹದಿನಾರರಂದು ನಮ್ಮ ಲಿಫ್ಟು ಐದನೇ ಮತ್ತು ಆರನೇ ಮಹಡಿಯ ನಡುವೆ ನಿಂತುಬಿಟ್ಟಿತು. ಒಳಗಿದ್ದವನು ನನ್ನ ಗಂಡ ದೊಬ್ರಿ, ಜೊತೆಗೆ ಎರಡು ಕಲ್ಲಂಗಡಿ. ಒಂದು ಗಂಟೆ ಕಾದು, ಬೇಸರ ಬಂದು, ಒಂದು ಹಣ್ಣನ್ನು ಮೊಣಕಾಲಿಗೆ ಗುದ್ದಿ ಒಡೆದು ತಿಂದನಂತೆ. ಎಳೆದು ಹೊರಗೆ ತೆಗೆದಾಗ ಅಂಗಿಯೆಲ್ಲ ಕೆಂಪು. ಮೂರನೇ ಮಹಡಿಯ ಕ್ರೂಮ್ ಹೌಹಾರಿ ಆಂಬುಲೆನ್ಸಿಗೆ ಫೋನ್ ಮಾಡಹೊರಟಿದ್ದ. ಅವತ್ತು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮರುದಿನ ಇನ್‌ಸ್ಪೆಕ್ಟರು ಬಂದು, ಮೋಟರು ನೋಡಿ, ತಂತಿಹಗ್ಗ ನೋಡಿ, "ಇದರ ಆಯಸ್ಸು ಮುಗಿದಿದೆ. ರಿಪೇರಿ ಗಿಪೇರಿ ಇಲ್ಲ, ಹೊಸದೇ ಆಗಬೇಕು" ಎಂದು ಎಲ್ಲ ಮಹಡಿಯ ಬಾಗಿಲಿಗೂ ಸೀಲು ಹಾಕಿ ಹೋದ. ಅಲ್ಲಿಗೆ ನಗು ನಿಂತಿತು.

ಪ್ಲೆವೆನ್ ಊರಿನಲ್ಲಿ ನಮ್ಮದು ಹಳೆಯ ಕಾಂಕ್ರೀಟ್ ಕಟ್ಟಡ. ಬಾಗಿಲಿಗೊಂದರಂತೆ ಬೇರೆ ಬೇರೆ ಮೆಟ್ಟಿಲು; ನಮ್ಮ ಮೆಟ್ಟಿಲಿಗೆ ಎಂಟು ಮಹಡಿ, ಮಹಡಿಗೆ ಮೂರರಂತೆ ಇಪ್ಪತ್ತನಾಲ್ಕು ಮನೆ. ನಾನು ವೆನೆತಾ, ಏಳನೆಯದರವಳು. ನನ್ನ ತಲೆಯ ಮೇಲೆ, ಎಂಟನೆಯದರಲ್ಲಿ, ತ್ಸೋಂಕಾ ಅಜ್ಜಿ, ಅವಳ ಮಗ ಪ್ಲಾಮೆನ್, ಸೊಸೆ ಸ್ನೆಜಾನಾ, ಮೊಮ್ಮಗಳು ಬಿಲ್ಯಾನಾ. ಬೇರೆಯವರ ಮಾತಿಗೆ ಕಿವಿಗೊಡುವ ಚಟ ನನಗಿಲ್ಲ. ಆದರೆ ಅಡುಗೆಮನೆಯ ಗಾಳಿಕೊಳವೆ ಮೇಲಿನಿಂದ ಕೆಳಗಿನವರೆಗೆ ಒಂದೇ. ಅಲ್ಲಿ ಸೌಟು ಬಿದ್ದರೆ ಇಲ್ಲಿ ನಾನು ಬೆಚ್ಚಿಬೀಳುತ್ತೇನೆ. ಕೇಳಿಸಿದ್ದನ್ನು ಕೇಳಿಸಲಿಲ್ಲ ಎನ್ನುವಷ್ಟು ದೊಡ್ಡ ಮನುಷ್ಯಳಲ್ಲ ನಾನು.

ತ್ಸೋಂಕಾ ಅಜ್ಜಿಗೆ ಎಪ್ಪತ್ತೊಂಬತ್ತು. ಎರಡು ವರ್ಷದ ಹಿಂದೆ ಸೊಂಟದ ಕೀಲು ಬದಲಾಯಿಸಿದ್ದರು. ಕೋಲೂರಿಕೊಂಡು ಮನೆಯೊಳಗೆ ಓಡಾಡುತ್ತಿದ್ದಳು, ನಾಲ್ಕು ಮೆಟ್ಟಿಲು ಇಳಿಯುತ್ತಿದ್ದಳು. ನೂರಾ ಇಪ್ಪತ್ತಾರು ಮೆಟ್ಟಿಲು ಅವಳಿಂದಾಗುವ ಮಾತಲ್ಲ. ಮೊದಲು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಲಿಫ್ಟಿನಲ್ಲಿ ಇಳಿದು ಬಾಗಿಲೆದುರಿನ ಬೆಂಚಿನಲ್ಲಿ ಕೂತರೆ ಮಧ್ಯಾಹ್ನದವರೆಗೆ ಅದು ಅವಳದೇ ಸಾಮ್ರಾಜ್ಯ. ಯಾರ ಮನೆಯ ಕೊಳಾಯಿ ಸೋರುತ್ತಿದೆ, ಯಾರ ಮಗಳು ಯಾರ ಕಾರಿನಲ್ಲಿ ಬಂದಳು, ಎಲ್ಲ ಅಲ್ಲೇ ತೀರ್ಮಾನ. ಕಿಟಕಿಗಳ ಕೆಳಗಿನ ಒಂದು ತುಂಡು ನೆಲದಲ್ಲಿ ಟೊಮೆಟೊ, ಪುದೀನ, ಗುಲಾಬಿ ಬೆಳೆದಿದ್ದಳು. ಈಗ ಎಂಟನೇ ಮಹಡಿಯ ಬಾಲ್ಕನಿಯಿಂದ ಅದರ ಹಸಿರು ಮಾತ್ರ ಕಾಣುತ್ತಿತ್ತು.

ಇಡೀ ದಿನ ಮನೆಯೊಳಗೇ ಕೂತವಳು ಅಡುಗೆಮನೆಯನ್ನು ಬಿಡುತ್ತಾಳೆಯೇ?

"ಸ್ನೆಜಾನಾ, ಈ ಬೀನ್ಸ್ ಕಾಳಿನ ಸಾರಿಗೆ ಪುದೀನ ಹಾಕಿದ್ದೀಯಾ, ಇಲ್ಲಾ ಬರೀ ಫೋಟೋ ತೋರ್ಸಿ ತೆಗ್ದಿದ್ದೀಯಾ?"

"ಅತ್ತೆ, ಬೆಳಗ್ಗೆಯಿಂದ ಹೊಲಿಗೆ ಕಾರ್ಖಾನೇಲಿ ಬೆನ್ನು ಬಗ್ಗಿಸಿ ಬಂದಿದ್ದೀನಿ. ಸಾರು ಬೇಡ ಅಂದ್ರೆ ಮೊಸರು ಬ್ರೆಡ್ ಇದೆ."

"ಬೇಡ ಅಂದ್ನಾ ನಾನು? ಪುದೀನ ಎಲ್ಲಿ ಅಂದೆ. ಕೆಳಗೆ ನನ್ನದೇ ಗಿಡ ಬೆಳ್ದು ನಿಂತಿದೆ."

"ಬಿಲ್ಯಾನಾ ತರ್ತಾಳೆ ಬಿಡಿ."

"ಮೊನ್ನೆ ತಂದಿದ್ಲಲ್ಲ, ಕಳೆ ಗಿಡ ಕಿತ್ಕೊಂಡು!"

"ಅಜ್ಜೀ, ಎರಡೂ ಒಂದೇ ಥರ ಇರುತ್ತೆ!"

"ನಿನ್ನ ಕಣ್ಣಿಗೆ ಆ ಫೋನ್ ಬಿಟ್ರೆ ಜಗತ್ತಲ್ಲಿ ಎಲ್ಲಾ ಒಂದೇ ಥರ ಕಣೇ."

ಬಸ್ ಓಡಿಸಿ ಬಂದ ಪ್ಲಾಮೆನ್ ಈ ಮಾತುಗಳ ಮಧ್ಯೆ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟ: "ಅಮ್ಮಾ, ಚಳಿ ಶುರುವಾಗೋ ಮುಂಚೆ ಅಕ್ಕನ ಹಳ್ಳಿಗೆ ಹೋಗಿಬಿಡು. ಒಂದೇ ಅಂತಸ್ತಿನ ಮನೆ. ಬಾಗಿಲು ತೆಗೆದ್ರೆ ಅಂಗಳ."

"ಬಾಗಿಲು ತೆಗೆದ್ರೆ ನಿನ್ನ ಭಾವ. ಅವನ ಕೆಮ್ಮು, ಅವನ ಕೋಳಿ. ಅಲ್ಲಿ ಮಾತಾಡೋಕೆ ಯಾರಿದಾರೆ ನಂಗೆ? ಈ ಮನೆಗೆ ಬಂದಾಗ ಗೋಡೆಗೆ ಬಣ್ಣ ಕೂಡ ಬಿದ್ದಿರ್ಲಿಲ್ಲ. ನಲವತ್ತಾರು ವರ್ಷ! ನಿನ್ನ ಹೆಂಡ್ತಿ ಮ್ಯಾನೇಜರ್ ಅಲ್ವಾ? ಒಂದು ಲಿಫ್ಟ್ ಹಾಕ್ಸೋಕಾಗಲ್ವಾ ಅವಳ ಕೈಲಿ?"

ಸ್ನೆಜಾನಾ ನಮ್ಮ ಮೆಟ್ಟಿಲಿನ ಮ್ಯಾನೇಜರ್ ಎಂಬುದು ನಿಜ. ಯಾರಿಗೂ ಬೇಡವಾದ ಕೆಲಸ ಅದು. ಎರಡು ವರ್ಷದ ಹಿಂದೆ ಸಭೆಗೆ ಐದು ನಿಮಿಷ ತಡವಾಗಿ ಬಂದಳು, ಅಷ್ಟರಲ್ಲಿ ನಾವೆಲ್ಲ ಸೇರಿ ಅವಳನ್ನೇ ಆರಿಸಿಬಿಟ್ಟಿದ್ದೆವು. ಅತ್ತೆ ಚುಚ್ಚಿದ್ದು ಅವಳಿಗೆ ನಾಟಿತು. ಮರುದಿನವೇ ರಜೆ ಹಾಕಿ ನಗರಸಭೆಗೆ ಹೋದಳು. ಹಳೇ ಕಟ್ಟಡಗಳ ಲಿಫ್ಟಿಗೆಂದು ಒಂದು ಯೋಜನೆ ಇತ್ತಂತೆ: ಮುಕ್ಕಾಲು ಪಾಲು ಖರ್ಚು ಅವರದು, ಉಳಿದದ್ದು ನಮ್ಮದು. ಆದರೆ ಮಾಲೀಕರಲ್ಲಿ ಮೂರರಲ್ಲಿ ಎರಡು ಪಾಲು ಜನ ಸಹಿ ಹಾಕಬೇಕು. ಅಂದರೆ ಹದಿನಾರು ಸಹಿ. ಅಕ್ಟೋಬರ್ ಕೊನೆಯ ದಿನದೊಳಗೆ ಕಡತ ಸರಿಯಾಗಿರಬೇಕು, ಆಮೇಲೆ ಯೋಜನೆ ಮುಚ್ಚುತ್ತದೆ.

ಇಪ್ಪತ್ತನಾಲ್ಕರಲ್ಲಿ ಹದಿನಾರು ಏನು ಮಹಾ ಎನಿಸಬಹುದು. ನಮ್ಮಲ್ಲಿ ಒಂಬತ್ತು ಮನೆಗೆ ಬೀಗ. ಒಬ್ಬರು ಸ್ಪೇನಿನಲ್ಲಿ ಟೊಮೆಟೊ ಕೀಳುತ್ತಾರೆ, ಇನ್ನೊಬ್ಬರು ಇಂಗ್ಲೆಂಡಿನಲ್ಲಿ ಮುದುಕರನ್ನು ನೋಡಿಕೊಳ್ಳುತ್ತಾರೆ. ನಾಲ್ಕನೇ ಮಹಡಿಯಂತೂ ಮೂರಕ್ಕೆ ಮೂರೂ ಬೀಗ, ಆ ಮೂರೂ ಕೀಲಿ ನನ್ನ ಹತ್ತಿರ. ಹೂವಿನ ಕುಂಡಕ್ಕೆ ನೀರು ಹಾಕುವವಳು ನಾನು, ನೀರಿನ ಮೀಟರು ನೋಡುವವನು ಬಂದರೆ ಬಾಗಿಲು ತೆಗೆದು ಅವರ ಪರವಾಗಿ ಸಹಿ ಹಾಕುವವಳೂ ನಾನು. ಪಾರ್ಸೆಲ್ಲಿಗೆ, ಹೀಟರಿನ ಲೆಕ್ಕಕ್ಕೆ, ನೋಟಿಸಿಗೆ, ಎಲ್ಲಕ್ಕೂ ಕೀಲಿ ಇಟ್ಟುಕೊಂಡವರದೇ ಸಹಿ. ಹಾಗೆಯೇ ನಡೆದುಬಂದಿದೆ. ನೆರೆಹೊರೆ ಅಂದರೆ ಮತ್ತೇನು?

ಸೆಪ್ಟೆಂಬರ್ ಮೊದಲ ಭಾನುವಾರ ಸಭೆ. ಕೆಳಗಿನ ಹಜಾರದಲ್ಲಿ, ಅಂಚೆಪೆಟ್ಟಿಗೆಗಳ ಎದುರು, ಅವರವರ ಮನೆಯಿಂದ ಸ್ಟೂಲು ತಂದು ಕೂತೆವು. ಎದ್ದು ನಿಂತವನು ಕೆಳಗಿನ ಮನೆಯ ಗೆಂಚೊ. ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತು, ಒಬ್ಬನೇ ಇದ್ದಾನೆ.

"ನಾನು ಈ ಲಿಫ್ಟಿನ ಗುಂಡಿ ಕೂಡ ಮುಟ್ಟಿದವನಲ್ಲ," ಎಂದ. "ನನ್ನ ಬಾಗಿಲು ಇಲ್ಲೇ ಇದೆ. ಕೊಡೋದು ಯಾಕೆ, ಸಹಿ ಯಾಕೆ?"

"ಗೆಂಚೊ, ಕೊಡೋದನ್ನ ಮಹಡಿ ಲೆಕ್ಕದಲ್ಲಿ ಹಂಚ್ತೀವಿ, ನಿಮಗೆ ಏನೂ ಬರಲ್ಲ. ಬರೀ ಸಹಿ," ಎಂದಳು ಸ್ನೆಜಾನಾ.

"ಇವತ್ತು ಬರೀ ಸಹಿ ಅಂತೀರಿ. ನಾಳೆ ಸಾಲ ಕಟ್ಟಿ ಅಂತ ಬ್ಯಾಂಕಿನವನು ಬಂದಾಗ ನೀವ್ಯಾರೂ ಬಾಗಿಲು ತೆಗೆಯಲ್ಲ."

ಅವನು ಸ್ವಲ್ಪ ಮೆತ್ತಗಾಗುತ್ತಿದ್ದ, ನಾನು ನೋಡುತ್ತಿದ್ದೆ. ಇನ್ನೈದು ನಿಮಿಷ ಗೋಗರೆದಿದ್ದರೆ ಬರೆದುಬಿಡುತ್ತಿದ್ದನೋ ಏನೋ. ಅಷ್ಟರಲ್ಲಿ ಎಂಟನೇ ಮಹಡಿಯ ಕಟಕಟೆಗೆ ಒರಗಿ, ಮೆಟ್ಟಿಲ ನಡುವಿನ ಸಂದಿಯಿಂದ, ತ್ಸೋಂಕಾ ಅಜ್ಜಿಯ ದನಿ ಇಳಿಯಿತು.

"ಏ ಗೆಂಚೊ! ನಿನ್ನ ಹೆಂಡ್ತಿ ತಿಥಿಗೆ, ನಲವತ್ತನೇ ದಿನ, ಹಂಚೋಕೆ ಗೋಧಿ ಬೇಯಿಸಿದ್ದು ಯಾರೋ? ಸಕ್ಕರೇನೂ ನಂದೇ! ಆ ಪಾತ್ರೆ ಇನ್ನೂ ವಾಪಸ್ ಬಂದಿಲ್ಲ! ಇಲ್ಲೇ ನನ್ನ ಏಪ್ರನ್ನಲ್ಲಿ ಮೂಗೊರೆಸ್ಕೊಂಡು ಅಳ್ತಿದ್ಯಲ್ಲ, ಆಗ ಲಿಫ್ಟಲ್ಲೇ ಬಂದೆಯೋ, ಹಾರ್ಕೊಂಡು ಬಂದೆಯೋ?"

ಹಜಾರ ಘೊಳ್ಳೆಂದು ನಕ್ಕಿತು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಗೆಂಚೊನ ಕಿವಿಯ ತುದಿಯವರೆಗೆ ಕೆಂಪೇರಿತು. ಸ್ಟೂಲು ಎತ್ತಿಕೊಂಡು ಒಳಹೋಗಿ ಬಾಗಿಲು ಹಾಕಿಕೊಂಡ. ಅವನ ಪಕ್ಕದ ಮನೆಯವಳೂ ಎದ್ದು ಹೋದಳು.

ಸಹಿ ಎಣಿಸಿದರೆ ಹದಿಮೂರು. ಮೂರು ಕಮ್ಮಿ. ಸ್ನೆಜಾನಾ ಹಾಳೆ ಹಿಡಿದುಕೊಂಡು ನನ್ನ ಅಡುಗೆಮನೆಗೆ ಬಂದು ಕೂತಳು. ನಾನು ಫೋನ್ ಎತ್ತಿಕೊಂಡು ನಾಲ್ಕನೇ ಮಹಡಿಯ ಮೂವರಿಗೂ ಮಾಡಿದೆ. "ಹಾಕಿಬಿಡು ವೆನೆತಾ, ಅದಕ್ಕೂ ಕೇಳ್ಬೇಕಾ?" ಎಂದರು ಮೂವರೂ. ಹಾಕಿದೆ. ಆದರೆ ಅಲ್ಲಿ ನನ್ನ ಬುದ್ಧಿ ಸ್ವಲ್ಪ ಜಾಸ್ತಿ ಓಡಿತು. ಮೂರೂ ಒಂದೇ ಥರ ಕಾಣಬಾರದಲ್ಲ ಎಂದು ಒಂದಕ್ಕೆ ನೀಲಿ ಪೆನ್ನು, ಒಂದಕ್ಕೆ ಕಪ್ಪು, ಮೂರನೆಯದಕ್ಕೆ ಹುಡುಕಿ ಹುಡುಕಿ ಹಸಿರು. ಒಂದನ್ನು ಎಡಕ್ಕೆ ವಾಲಿಸಿ ಬರೆದೆ. "ಅಬ್ಬಾ, ಕಳ್ಳನೋಟು ಅಚ್ಚು ಹಾಕ್ಬೇಕಿತ್ತು ನೀನು" ಎಂದು ಸ್ನೆಜಾನಾ ನಕ್ಕಳು. ಇಬ್ಬರೂ ಚೆರ್ರಿ ಮದ್ಯ ಒಂದೊಂದು ಲೋಟ ಕುಡಿದೆವು.

ಆ ಸೆಪ್ಟೆಂಬರ್ ಎಷ್ಟು ಚೆನ್ನಾಗಿತ್ತು! ಕಡತ ಹೋಗಿತ್ತು, ವಸಂತಕ್ಕೆ ಹೊಸ ಲಿಫ್ಟು ಎಂದು ಎಲ್ಲರ ಬಾಯಲ್ಲೂ. ಕಟ್ಟಡದ ಎದುರು ಕೆಂಪು ಮೆಣಸಿನಕಾಯಿ ಸುಟ್ಟು, ದೊಡ್ಡ ಕೊಪ್ಪರಿಗೆಯಲ್ಲಿ ಲ್ಯೂತೆನಿತ್ಸಾ ಗೊಜ್ಜು ಕುದಿಸಿದೆವು. ವರ್ಷವೂ ಅದರ ಉಪ್ಪುಖಾರ ತೀರ್ಮಾನಿಸುವವಳು ತ್ಸೋಂಕಾ. ಈ ಸಲ ಬಿಲ್ಯಾನಾ ಸಣ್ಣ ಬಟ್ಟಲಲ್ಲಿ ಗೊಜ್ಜು ಹಿಡಿದು ಎಂಟು ಮಹಡಿ ಹತ್ತಿದಳು. ಮೇಲಿನಿಂದ ಅಜ್ಜಿ ಕೂಗಿದಳು: "ಉಪ್ಪು!" ಹುಡುಗಿ ಇಳಿದಳು, ಮತ್ತೆ ಹತ್ತಿದಳು. "ಇನ್ನೂ ನೀರಾಗಿದೆ, ತಿರುವ್ರೇ, ಕೈ ಬಿದ್ದುಹೋಗಲ್ಲ!" ನಾಲ್ಕನೇ ಸಲಕ್ಕೆ ಬಿಲ್ಯಾನಾ ಮೂರನೇ ಮಹಡಿಯಲ್ಲೇ ಕೂತು, "ಅಜ್ಜಿಗೆ ಸರಿಯಾಗಿದೆಯಂತೆ!" ಎಂದು ತಾನೇ ಕೂಗಿದಳು. ಮೇಲಿನಿಂದ ತಕ್ಷಣ ಉತ್ತರ ಬಂತು: "ಸುಳ್ಳಿ! ಬಟ್ಟಲು ಎಲ್ಲೇ?"

ಅಕ್ಟೋಬರ್ ಹನ್ನೊಂದಕ್ಕೆ ಪೊಲೀಸಿನವನು ಬಂದ. ದಪ್ಪ ಮೀಸೆಯ, ನಿಧಾನ ಮಾತಿನ ಮನುಷ್ಯ. ಗೆಂಚೊ ನಗರಸಭೆಗೆ ಪತ್ರ ಬರೆದಿದ್ದನಂತೆ: ನಾಲ್ಕನೇ ಮಹಡಿಯಲ್ಲಿ ಎರಡು ವರ್ಷದಿಂದ ಜನವೇ ಇಲ್ಲ, ಸಹಿ ಎಲ್ಲಿಂದ ಬಂತು?

"ಅವರ ಒಪ್ಪಿಗೆ ಇತ್ತು ಸರ್. ಕೀಲಿ ನನ್ನ ಹತ್ರಾನೇ ಇದೆ," ಎಂದು ಗೊಂಚಲನ್ನೇ ತೋರಿಸಿದೆ.

"ಇರಬಹುದಮ್ಮಾ. ಒಪ್ಪಿಗೆ ಇದ್ರೆ ನಿಮ್ಮ ಹೆಸರಲ್ಲೇ, ಇವರ ಪರವಾಗಿ ಅಂತ ಬರೀಬೋದಿತ್ತು. ಮೂರು ಬಣ್ಣದ ಪೆನ್ನು ಯಾಕೆ?"

ನನಗೂ ಸ್ನೆಜಾನಾಗೂ ಬರಹದಲ್ಲಿ ವಿವರಣೆ ಕೊಡಿಸಿ, ಇನ್ನೊಮ್ಮೆ ಹೀಗಾದರೆ ಕೇಸು ಎಂದು ಎಚ್ಚರಿಸಿ ಹೋದ. ಕಡತ ವಾಪಸು ಬಂತು. ಆ ಮೂರು ಮನೆಯವರು ತಾವಿರುವ ದೇಶದಲ್ಲಿ ನಮ್ಮ ರಾಯಭಾರ ಕಚೇರಿಗೆ ಹೋಗಿ ಮೊಹರು ಹಾಕಿಸಿದ ಅಧಿಕಾರಪತ್ರ ಕಳಿಸಬೇಕು, ಅದೂ ಇಪ್ಪತ್ತು ದಿನದಲ್ಲಿ.

ಮತ್ತೆ ಫೋನು. ಸ್ಪೇನಿನವಳು, "ಮ್ಯಾಡ್ರಿಡ್‌ವರೆಗೆ ಹೋಗ್ಬೇಕು ವೆನೆತಾ, ಎರಡು ದಿನದ ಕೂಲಿ ಹೋಗುತ್ತೆ, ಕೆಲಸಾನೂ ಹೋಗ್ಬೋದು. ಬೇಸಿಗೆಗೆ ಬಂದಾಗ ಮಾಡೋಣ" ಎಂದಳು. ಜರ್ಮನಿಯವನಿಗೆ ಡಿಸೆಂಬರಿಗೆ ಸರದಿ ಸಿಕ್ಕಿತಂತೆ. ಇಂಗ್ಲೆಂಡಿನವಳು ಪೊಲೀಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ಫೋನ್ ಎತ್ತುವುದನ್ನೇ ನಿಲ್ಲಿಸಿದಳು. ಯಾರನ್ನು ಬೈಯುವುದು? ಯಾರೂ ಕೆಟ್ಟವರಲ್ಲ.

ಸ್ನೆಜಾನಾ ಗೆಂಚೊನ ಬಾಗಿಲು ತಟ್ಟಿದಳು. ಜೊತೆಗೆ ನಾನೂ ಇದ್ದೆ.

"ನಿಮ್ಮದೊಂದು, ಪಕ್ಕದವರದೊಂದು ಸಹಿ ಕೊಡಿಸಿ, ಉಳಿದ ಒಂದನ್ನ ನಾನು ಹೇಗಾದ್ರೂ ತರ್ತೀನಿ. ಕೈಮುಗೀತೀನಿ."

"ನಿಮ್ಮತ್ತೆ ಇಡೀ ಕಟ್ಟಡದ ಮುಂದೆ ನನ್ನ ಹೆಂಡ್ತಿ ಹೆಸರೆತ್ತಿದ್ರು. ಜನ ನಕ್ಕರು. ನೀನೂ ನಕ್ಕೆ ವೆನೆತಾ."

ನಾನು ನೆಲ ನೋಡಿದೆ. ಅವನು ಬಾಗಿಲು ಮುಚ್ಚಲೂ ಇಲ್ಲ, ಒಳಗೆ ಕರೆಯಲೂ ಇಲ್ಲ. ನಾವೇ ಮೆಟ್ಟಿಲು ಹತ್ತಿದೆವು.

ಈ ಸುದ್ದಿ ಕೇಳಿ ಮೇಲಿನ ಮನೆಯಲ್ಲಿ ದೊಡ್ಡ ರಾದ್ಧಾಂತ.

"ನಿನ್ನ ನಾಲಿಗೆಯಿಂದ ಆಗಿದ್ದಮ್ಮಾ ಇದು!" ಪ್ಲಾಮೆನ್ ಮೇಜು ಗುದ್ದಿದ್ದು ನನಗೆ ಕೇಳಿಸಿತು.

"ಆಹಾ, ನನ್ನ ನಾಲಿಗೆ! ಹಸಿರು ಪೆನ್ನು ನನ್ನ ನಾಲಿಗೇನಾ?"

"ಹೋಗಿ ಕ್ಷಮೆ ಕೇಳು."

"ಹೇಗೋ ಹೋಗ್ಲಿ? ಹೇಳು ನೋಡೋಣ. ಕ್ಷಮೆ ಕೇಳೋಕೂ ಲಿಫ್ಟ್ ಬೇಕಲ್ಲೋ ನಂಗೆ!"

ಆಮೇಲೆ ತಟ್ಟೆ ತೊಳೆಯುವ ಸದ್ದು ಮಾತ್ರ ಬಂತು. ಮರುದಿನ ಅಜ್ಜಿ ಬಿಲ್ಯಾನಾಳ ಕೈಯಲ್ಲಿ ಗೆಂಚೊನಿಗೆ ಹಿಟ್ಟಿನ ಪದರಗಳ ನಡುವೆ ಚೀಸ್ ತುಂಬಿ ಸುಟ್ಟ ಬನಿತ್ಸಾ ಕಳಿಸಿದಳು, ಇನ್ನೂ ಬಿಸಿ ಇತ್ತು. ಅವನು ತೆಗೆದುಕೊಂಡ. ಸಂಜೆ ತಟ್ಟೆ ತೊಳೆದು ವಾಪಸು ಕೊಟ್ಟ, ಆ ಹಳೇ ಪಾತ್ರೆಯನ್ನೂ ಜೊತೆಗಿಟ್ಟ. ಸಹಿ ಕೊಡಲಿಲ್ಲ. ಅಕ್ಟೋಬರ್ ಮೂವತ್ತೊಂದು ಬಂತು, ಹೋಯಿತು.

ನವೆಂಬರ್ ಆರಂಭದ ಒಂದು ಮಧ್ಯಾಹ್ನ ತ್ಸೋಂಕಾಗೆ ರಕ್ತದೊತ್ತಡ ಏರಿ ಕಣ್ಣು ಕತ್ತಲಿಟ್ಟಿತು. ಆಂಬುಲೆನ್ಸಿನ ಇಬ್ಬರು ಹೆಂಗಸರು ಎಂಟು ಮಹಡಿ ಹತ್ತಿ, ಏದುಸಿರು ಬಿಡುತ್ತ ಇಂಜೆಕ್ಷನ್ ಕೊಟ್ಟರು. "ಆಸ್ಪತ್ರೆಗೆ ಹಾಕ್ಬೇಕಿತ್ತು. ಆದ್ರೆ ನಾವಿಬ್ಬರೇ ಇಳಿಸೋದು ಹೇಗೆ?" ಎಂದಳು ಒಬ್ಬಳು. "ನಾಲ್ಕು ಗಂಡಸ್ರನ್ನ ಹುಡುಕಿ. ಅಥವಾ ಕೆಳಗಿನ ಮನೆ ಹುಡುಕಿ." ಅವಳು ಬೈಯಲೂ ಇಲ್ಲ, ಇದ್ದದ್ದನ್ನು ಹೇಳಿದಳು. ಅವತ್ತು ಅದೃಷ್ಟ ಚೆನ್ನಾಗಿತ್ತು, ಸಂಜೆಗೆ ಒತ್ತಡ ಇಳಿಯಿತು.

ಪ್ಲಾಮೆನ್ ಆ ರಾತ್ರಿ ಅಕ್ಕನಿಗೆ ಫೋನ್ ಮಾಡಿದ. ಸ್ನೆಜಾನಾ ಅತ್ತಳು. ಇಷ್ಟು ದಿನ ಸಾರಿನ ವಿಷಯಕ್ಕೆ ಕಿತ್ತಾಡಿದವಳೇ ಅತ್ತೆಯ ಪರ ನಿಂತಳು.

"ವಸಂತದವರೆಗೆ ನೋಡೋಣ ರೀ. ಯೋಜನೆ ಮತ್ತೆ ಬರುತ್ತಂತೆ."

"ಅಮ್ಮನಿಗೆ ನಾಳೇನೇ ಏನಾದ್ರೂ ಆದ್ರೆ? ನಾನು ಬಸ್ಸಲ್ಲಿರ್ತೀನಿ, ನೀನು ಕಾರ್ಖಾನೇಲಿ. ಬಿಲ್ಯಾನಾ ಒಬ್ಳೇ ಹೊತ್ಕೊಂಡು ಇಳೀತಾಳಾ?"

"ಸಾಕು, ನನ್ನ ಮುಂದೆಯೇ ಹಂಚ್ಕೋಬೇಡಿ," ಎಂದಳು ತ್ಸೋಂಕಾ. "ಹೋಗ್ತೀನಿ."

ಹೋಗುವ ಹಿಂದಿನ ದಿನ ಬಿಲ್ಯಾನಾ ಅಜ್ಜಿಯ ಮಂಚದ ಪಕ್ಕ ಟೇಪು ಹಿಡಿದು ಓದುವ ಮೇಜಿಗೆ ಜಾಗ ಅಳೆಯುತ್ತಿದ್ದುದನ್ನು ಸ್ನೆಜಾನಾ ನೋಡಿ ರಪ್ಪನೆ ಒಂದು ಕೊಟ್ಟಳು. ಹದಿನೇಳರ ಹುಡುಗಿ, ಹುಟ್ಟಿದಾಗಿನಿಂದ ಅಜ್ಜಿಯ ಗೊರಕೆ ಕೇಳುತ್ತ ಮಲಗಿದವಳು. ಅತ್ತುಕೊಂಡು ನನ್ನ ಮನೆಗಿಳಿದು ಬಂದಳು. "ಅಜ್ಜೀನೇ ಅಳೆದು ನೋಡು ಅಂದಿದ್ದು ಆಂಟಿ," ಎಂದಳು. "ಕಿಟಕಿ ಹತ್ರ ಹಾಕ್ಕೋ, ಬೆಳಕು ಬರುತ್ತೆ ಅಂದ್ಲು." ನಾನು ಬ್ರೆಡ್ಡಿಗೆ ಗೊಜ್ಜು ಸವರಿ ಕೊಟ್ಟೆ. ಮತ್ತೇನು ಕೊಡಲಿ?

ಭಾನುವಾರ ಬೆಳಿಗ್ಗೆ ಗಟ್ಟಿ ತೋಳಿನ ಕುರ್ಚಿಯೊಂದರಲ್ಲಿ ಅಜ್ಜಿಯನ್ನು ಕೂರಿಸಿ ಸೊಂಟಪಟ್ಟಿ ಕಟ್ಟಿದರು. ಹೊರುವವರು ಪ್ಲಾಮೆನ್, ಮೂರನೇ ಮಹಡಿಯ ಕ್ರೂಮ್, ನನ್ನ ದೊಬ್ರಿ. ದೊಬ್ರಿಗೆ ಹರ್ನಿಯಾ, ಅದಕ್ಕೊಂದು ಬೆಲ್ಟು ಬಿಗಿದಿದ್ದೆ. ನಾಲ್ಕನೆಯವನು ಬೇಕು. ಇಡೀ ಮೆಟ್ಟಿಲಿನಲ್ಲಿ ಎತ್ತಬಲ್ಲ ಗಂಡಸರನ್ನು ಎಣಿಸಿದರೆ ಎಲ್ಲ ಬೀಗದ ಮನೆಯವರೇ. ಆಗ ಕೆಳಗಿನಿಂದ ಯಾರೋ ನಿಂತು ನಿಂತು ಹತ್ತಿ ಬರುವ ಸದ್ದು. ಗೆಂಚೊ! ಯಾರೂ ಕರೆದಿರಲಿಲ್ಲ. ಕೋಟು ಕಳಚಿ ಕಟಕಟೆಗೆ ಹಾಕಿ ಕುರ್ಚಿಯ ಹಿಂದಿನ ಕಾಲು ಹಿಡಿದ.

ತ್ಸೋಂಕಾ ತಿರುಗಿ ನೋಡಿದಳು. "ಇಷ್ಟೆತ್ತರ ಬಂದ್ಯಾ?"

"ಮೆಟ್ಟಿಲು ಜಾಸ್ತಿ," ಎಂದ ಗೆಂಚೊ.

"ಈಗ ಗೊತ್ತಾಯ್ತಾ?"

ಇಳಿಯಲು ನಲವತ್ತು ನಿಮಿಷ ಹಿಡಿಯಿತು. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದು ಯಾರಾದರೂ ಬಂದು ಅವಳ ಕೈ ಹಿಡಿದರು, ಒಬ್ಬಳು ಉಣ್ಣೆಯ ಕಾಲುಚೀಲ ಮಡಿಲಿಗೆ ಹಾಕಿದಳು. ನಾಲ್ಕನೇ ಮಹಡಿಯಲ್ಲಿ ಮಾತ್ರ ಯಾರೂ ಇಲ್ಲ. ಮೂರು ಮುಚ್ಚಿದ ಬಾಗಿಲುಗಳ ನಡುವೆ ಕುರ್ಚಿ ಇಳಿಸಿ ಗಂಡಸರು ಉಸಿರು ತೆಗೆದುಕೊಂಡರು. ನಾನು ಆ ಬಾಗಿಲುಗಳ ಕಡೆ ನೋಡಲಿಲ್ಲ.

ಹೊರಗೆ ಬಿಸಿಲಿತ್ತು. ಕಾರಿನ ಮುಂದಿನ ಸೀಟಿನಲ್ಲಿ ಅವಳನ್ನು ಕೂರಿಸಿದಾಗ ಸುತ್ತ ಹತ್ತು ಹನ್ನೆರಡು ಜನ. ಮೂರು ತಿಂಗಳ ಮೇಲೆ ನೆಲಕ್ಕೆ ಬಂದವಳು ತನ್ನ ಟೊಮೆಟೊ ಗಿಡ ಒಣಗಿದ್ದನ್ನು ನೋಡಿದಳು, ಬೆಂಚು ನೋಡಿದಳು, ಆಮೇಲೆ ನಮ್ಮನ್ನು.

"ಈಸ್ಟರ್‌ಗೆ ಬರ್ತೀನಿ," ಎಂದಳು. "ಮೊಟ್ಟೆಗೆ ಕೆಂಪು ಬಣ್ಣ ಹಾಕೋಕೆ ಈ ಸೊಸೆಗೆ ಬರಲ್ಲ. ಆಗ ನೀವೇ ನಾಲ್ಕು ಜನ ನನ್ನ ಮೇಲಕ್ಕೆ ಹೊತ್ಕೊಂಡು ಹೋಗ್ಬೇಕು. ತಿಳೀತಾ?"

"ಅಯ್ಯೋ, ಅದಕ್ಕೇನಂತೆ!" ಎಂದ ಕ್ರೂಮ್.

"ಹೂವಿನ ಥರ ಎತ್ಕೊಂಡು ಹೋಗ್ತೀವಿ," ಎಂದ ದೊಬ್ರಿ, ಬೆಲ್ಟಿನ ಮೇಲೆ ಕೈ ಒತ್ತಿಕೊಂಡೇ.

"ಕುರ್ಚಿ ತಯಾರಿಟ್ಟಿರ್ತೀನಿ ಅಜ್ಜಿ," ಎಂದೆ ನಾನು.

ಗೆಂಚೊ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ. ಸಿಗರೇಟು ಹಚ್ಚಲು ನೋಡುತ್ತಿದ್ದ, ಅವನ ಏದುಸಿರಿಗೇ ಕಡ್ಡಿ ಆರಿಹೋಗುತ್ತಿತ್ತು.

"ನೀನೇನೋ, ಸುಮ್ನೆ ಕೂತೆ?"

"ಇಳಿಸೋದು ಇಳಿಸಿದ್ವಿ ತ್ಸೋಂಕಾ," ಎಂದ. "ಹತ್ತಿಸೋದು ನಮ್ಮ ಕೈಲಾಗಲ್ಲ. ಇಲ್ಲಿ ಯಾರ ಕೈಲೂ ಆಗಲ್ಲ."

ಕ್ರೂಮ್ ಅವನ ಭುಜಕ್ಕೆ ತಿವಿದ. ಸ್ನೆಜಾನಾ ಮುಖ ಆ ಕಡೆ ತಿರುಗಿಸಿದಳು. ತ್ಸೋಂಕಾ ಅವನ ಕಡೆ ತಿರುಗಿದಳು. ಸಿಟ್ಟು ಮಾಡಿಕೊಳ್ಳಲಿಲ್ಲ.

"ಅದು ನಂಗೂ ಗೊತ್ತು ಕಣೋ," ಎಂದಳು. "ಆದ್ರೂ ಒಂದು ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಗೆಂಚೊ ಎದ್ದು ನಿಂತ. ಕಾರಿನ ಬಾಗಿಲಿನವರೆಗೆ ಬಂದ.

"ಹೂಂ," ಎಂದ. "ಹೂಂ, ಹೊತ್ಕೊಂಡು ಹೋಗ್ತೀವಿ."

"ಈಗ ಬೇಡ ಬಿಡು," ಎಂದಳು ತ್ಸೋಂಕಾ, ಬಾಗಿಲು ಹಾಕಲು ಮಗನಿಗೆ ಹೇಳಿದಳು.